ನಾಲ್ಕನೆಯ ಮಡಿಕೆ

ಆ ಬುಧವಾರ ಏನೇನು ಕೆಡಬಹುದು ಅಂತ ಹಿಂದಿನ ದಿನವೇ ಕೂತು ಯೋಚಿಸಿ ಮುಗಿಸಿದ್ದೆ. ಈಸ್ಟ್ ಬ್ರನ್ಸ್‌ವಿಕ್‌ನಿಂದ ಮ್ಯಾನ್‌ಹಟನ್ನಿಗೆ ಹೊರಟ ಬಸ್ಸು ನದಿಯಡಿಯ ಟನಲ್ಲಿನ ಬಾಯಲ್ಲಿ ನಿಂತುಬಿಡಬಹುದು. ಫೋನಿನ ಚಾರ್ಜು ಹೋಗಿ, ಅದರೊಳಗಿನ ಎರಡು ಟಿಕೆಟ್ಟೂ ಹೋಗಬಹುದು. ಪಾರ್ಸಿಪನಿಯ ಆಫೀಸಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಸುಳ್ಳು ಹೇಳಿದ್ದರಿಂದ ಮ್ಯಾನೇಜರ್ ಥಿಯೇಟರಿನ ಬಾಗಿಲಲ್ಲೇ ಸಿಗಬಹುದು. ಇಲ್ಲವೇ ದೇವರು ಸಿಟ್ಟಾಗಿ ನಿಜವಾದ ಹಲ್ಲುನೋವನ್ನೇ ಕೊಡಬಹುದು. ಎಲ್ಲರೂ ಉಸಿರು ಬಿಗಿಹಿಡಿದು ಕೂತಾಗ ನನಗೆ ಕೆಮ್ಮು ಬರಬಹುದು. ಪಕ್ಕದ ಖಾಲಿ ಸೀಟು ಯಾರದು ಅಂತ ಯಾರಾದರೂ ಕೇಳಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ನಾನು ನೋಡಲು ಹೋಗುತ್ತಿದ್ದ ಆ ಒಂದು ನಿಮಿಷವನ್ನೇ ನಾಟಕದವರು ಕತ್ತರಿಸಿ ಹಾಕಿರಬಹುದು.

ಕೆಮ್ಮಿಗೆ ಏನಾದರೂ ಇದೆಯೇ ಅಂತ ಬಸ್ಸಿನಲ್ಲಿ ಕೋಟಿನ ಜೇಬಿಗೆ ಕೈ ಹಾಕಿದೆ. ಬೇಸಿಗೆಯೆಲ್ಲ ಕ್ಲಾಸೆಟ್ಟಿನಲ್ಲಿ ನೇತಾಡಿದ್ದ ಕೋಟು. ಕೈಗೆ ಸಿಕ್ಕಿದ್ದು ಹಳೆಯ ಕ್ಯಾಮೆರಾ ರೋಲಿನ ಕಪ್ಪು ಡಬ್ಬಿ. ಮುಚ್ಚಳ ತೆಗೆದರೆ ಮೊದಲು ಒಣಶುಂಠಿಯ ಘಾಟು, ಹಿಂದೆಯೇ ಬೆಲ್ಲದ ವಾಸನೆ... ಪಕ್ಕದ ಮನೆಯ ಆಂಟಿ ಬಂದು ಕೂತ ಹಾಗಾಯಿತು.

ಆಂಟಿ ಧಾರವಾಡದ ಕಡೆಯವರು. ಮ್ಯಾನ್‌ಹಟನ್ನಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ರಿಟೈರ್ ಆಗಿದ್ದರು. ಒಬ್ಬರೇ ಇದ್ದರು. ಯಾಕೆ ಮದುವೆಯಾಗಲಿಲ್ಲ ಅಂತ ಯಾರಾದರೂ ಕೇಳಿದರೆ, ಬುಧವಾರ ಮಧ್ಯಾಹ್ನ ನಾಟಕ ಇರುತ್ತಿತ್ತು, ಪುರುಸೊತ್ತಾಗಲಿಲ್ಲ ಅನ್ನುತ್ತಿದ್ದರು. ನಾನು ಡಿವೋರ್ಸ್ ಆಗಿ ಅವರ ಪಕ್ಕದ ಟೌನ್‌ಹೌಸಿಗೆ ಬಾಡಿಗೆಗೆ ಬಂದವನು. ಆ ದಿನಗಳಲ್ಲಿ ಭಾನುವಾರಗಳು ಮುಗಿಯುತ್ತಲೇ ಇರಲಿಲ್ಲ. ಅಂಥ ಒಂದು ಭಾನುವಾರ ಮೂರನೆಯ ಸಲ ಕಾರಿಗೆ ವ್ಯಾಕ್ಯೂಮ್ ಹಾಕುತ್ತಿದ್ದೆ. ಆಂಟಿ ಹತ್ತಿರ ಬಂದು ನಿಂತರು.

"ತಮ್ಮಾ, ಕಾರು ಸ್ವಚ್ಛ ಆತು. ಇನ್ನ ತಿಕ್ಕಿದ್ರ ಸೀಟು ಹರೀತದ. ನಾಟಕಕ್ಕ ಬರ್ತಿಯೇನು?"

ಹೋದೆ. ಆಮೇಲೆ ಆರು ವರ್ಷ ಹೋಗುತ್ತಲೇ ಇದ್ದೆ. ಮೊದಲು ರಿಯಾಯಿತಿ ಟಿಕೆಟ್ಟಿನ ಕ್ಯೂ, ಆಮೇಲೆ ಯಾವುದೋ ಮೆಟ್ಟಿಲ ಮೇಲೆ ಕೂತು ಅವರು ಕಟ್ಟಿ ತಂದ ಚಪಾತಿ-ಪಲ್ಯ, ಆಮೇಲೆ ಬಾಲ್ಕನಿಯ ಕೊನೆಯ ಸಾಲು. ಅವರು ಯಾವಾಗಲೂ ನನ್ನ ಎಡಕ್ಕೆ ಕೂರುತ್ತಿದ್ದರು. ಆಟದ ಮಧ್ಯೆ ಚಾಕಲೇಟಿನ ಕಾಗದ ಬಿಚ್ಚುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅದಕ್ಕೇ ಶುಂಠಿ-ಬೆಲ್ಲದ ಉಂಡೆ, ಅದಕ್ಕೇ ಸದ್ದು ಮಾಡದ ಆ ಡಬ್ಬಿ.

ನನಗೊಂದು ಕೆಟ್ಟ ಚಾಳಿಯಿತ್ತು. ವೇದಿಕೆಯ ಮೇಲೆ ಏನಾದರೂ ಆದರೆ, ಅದು ಚೆನ್ನಾಗಿತ್ತೋ ಇಲ್ಲವೋ ಅಂತ ತಿಳಿಯಲು ಆಂಟಿಯ ಮುಖ ನೋಡುತ್ತಿದ್ದೆ. ಇಂಜಿನಿಯರನ ಬುದ್ಧಿ, ಎಲ್ಲದಕ್ಕೂ ಒಂದು ಮೀಟರ್ ಬೇಕು. ಅವರ ಹುಬ್ಬು ಮೇಲೆ ಹೋದರೆ ನಟ ಗೆದ್ದ, ತುಟಿ ಸೊಟ್ಟಗಾದರೆ ಸೋತ. ಅವರು ಮೊಣಕೈಯಿಂದ ತಿವಿದು ಪಿಸುಗುಡುತ್ತಿದ್ದರು:

"ನನ್ನ ಮಾರಿಗೇನು ಟಿಕೆಟ್ ತಗೊಂಡೀಯೇನು? ಮುಂದ ನೋಡು."

ಹೋದ ಚಳಿಗಾಲದಲ್ಲಿ ಆ ರೆವ್ಯೂದ ಸುದ್ದಿ ಬಂತು. ಕಥೆಯಿಲ್ಲದೆ, ಹಾಡುಗಳನ್ನಷ್ಟೇ ಪೋಣಿಸಿ ಆಡುವುದಕ್ಕೆ ಇಲ್ಲಿ ಹಾಗನ್ನುತ್ತಾರೆ. ಬ್ರಾಡ್‌ವೇಯ ಒಬ್ಬ ಹಿರಿಯ ನಿರ್ದೇಶಕನ ಗೌರವಾರ್ಥ, ಅವನು ಆಡಿಸಿದ ನಾಟಕಗಳ ಹಾಡುಗಳು. ಕ್ಯೂನಲ್ಲಿ ನಮ್ಮ ಹಿಂದೆ ಮುಂದೆ ನಿಲ್ಲುತ್ತಿದ್ದ ನಾಟಕದ ಹುಚ್ಚರಿಗೆಲ್ಲ ಅನುಮಾನ. ಒಬ್ಬರಿಗೆ ಹಾಡುವವರು ತೀರ ಎಳೆಯರು. ಇನ್ನೊಬ್ಬರಿಗೆ ಇದು ಟೂರಿಸ್ಟುಗಳಿಗೆ ಹಾಕಿದ ಗಾಳ. ರಿಟೈರಾದ ಟೀಚರೊಬ್ಬರು ಹೇಳಿದ್ದರ ತಾತ್ಪರ್ಯ, ಮುದುಕ ಬದುಕಿರುವಾಗಲೇ ತಿಥಿ ಮಾಡುತ್ತಿದ್ದಾರೆ ಎಂಬುದು. ತಿಥಿ ಅನ್ನುವ ಮಾತು ಮಾತ್ರ ನನ್ನದು. ಆಂಟಿಯ ಅನುಮಾನವೇ ಬೇರೆ.

"ಹಾಡು ಬರೆದೋರು ಬ್ಯಾರೆ, ಹಾಡೋರು ಬ್ಯಾರೆ. ಈ ಮನಶ್ಯಾ ಮಾಡಿದ್ದೇನು ಹೇಳು? ಎಲ್ಲಾರನ್ನೂ ಸುಮ್ಮನ ನಿಲ್ಲಿಸಿದ. ಅದನ್ನ ಹೆಂಗ ಹಾಡಿ ತೋರಸ್ತಾರ?"

ಆಗ ಹೇಳಿದರು ಮೇಜುಬಟ್ಟೆಯ ಕಥೆ. ಅವರು ಈ ದೇಶಕ್ಕೆ ಬಂದ ಮೊದಲ ಚಳಿಗಾಲ, ಯಾರ ಪರಿಚಯವೂ ಇಲ್ಲ. ಲ್ಯಾಬಿನಲ್ಲಿ ಯಾರೋ ತಮಗೆ ಬೇಡವಾದ ಟಿಕೆಟ್ ಕೊಟ್ಟಿದ್ದರಂತೆ, ಇದೇ ನಿರ್ದೇಶಕನ ನಾಟಕದ್ದು. ಅರ್ಧ ಇಂಗ್ಲಿಷು ತಲೆಗೆ ಹೋಗಲಿಲ್ಲ. ಕೊನೆಯಲ್ಲಿ, ಮನೆ ತುಂಬ ಇದ್ದ ನೆಂಟರೆಲ್ಲ ಹೊರಟುಹೋದ ಮೇಲೆ, ಒಬ್ಬ ಹೆಂಗಸು ಹಾಡು ಮುಗಿಸಿ ಊಟದ ಮೇಜಿನ ಬಟ್ಟೆ ಮಡಿಸುತ್ತಾಳೆ. ಒಂದು, ಎರಡು, ಮೂರು ಮಡಿಕೆ. ನಾಲ್ಕನೆಯದಕ್ಕೆ ಕೈ ನಿಲ್ಲುತ್ತದೆ. ವಾದ್ಯವಿಲ್ಲ, ಚಪ್ಪಾಳೆಯಿಲ್ಲ. ಆಮೇಲೆ ಮಡಿಸಿ ಒಳಗೆ ಹೋಗುತ್ತಾಳೆ.

"ಆ ನಿಂತಳಲ್ಲ, ಅಷ್ಟ ತಿಳೀತು ನೋಡು ನನಗ. ಈ ಊರಾಗ ಇರಬಹುದು ಅನಿಸ್ತು."

ಅದನ್ನು ಈ ರೆವ್ಯೂದಲ್ಲಿ ಉಳಿಸಿದ್ದಾರೋ ಇಲ್ಲವೋ, ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಟಿಕೆಟ್ ಮಾರಾಟ ಶುರುವಾದ ದಿನವೇ, ಆರು ವರ್ಷದಲ್ಲಿ ಮೊದಲ ಸಲ ಕ್ಯೂ ಬಿಟ್ಟು, ಮುಂದಿನ ಸಾಲಿನಲ್ಲಿ ಎರಡು ತೆಗೆಸಿದರು. ನನ್ನ ಫೋನಿನಲ್ಲಿ, ಅವರಿಗೆ ಅವರ ಫೋನಿನ ಮೇಲೆ ನಂಬಿಕೆಯಿರಲಿಲ್ಲ.

ಬೇಸಿಗೆಯಲ್ಲಿ ಅವರು ಆಸ್ಪತ್ರೆ ಸೇರಿದರು. ಲ್ಯಾಬಿನಲ್ಲಿ ಜನ್ಮ ಸವೆಸಿದವರು, ತಮ್ಮ ರಿಪೋರ್ಟನ್ನು ಡಾಕ್ಟರಿಗಿಂತ ಮೊದಲು ತಾವೇ ಓದಿಕೊಂಡಿದ್ದರು. ನಾನು ಎಂದಿನಂತೆ ಪಾರ್ಕಿಂಗು, ಇನ್ಶೂರೆನ್ಸು, ಅವರ ಹಿತ್ತಲಿನ ಟೊಮ್ಯಾಟೊ ಗಿಡ, ಎಲ್ಲದರ ಚಿಂತೆ ಮಾಡುತ್ತ ಕೂತಿದ್ದೆ. ಆಂಟಿ ಹೇಳಿದ್ದು ಒಂದೇ ಮಾತು.

"ನೀ ಹೋಗಿ ನೋಡು. ನಾಕನೇ ಮಡಿಕಿಗೆ ನಿಲ್ತಾಳೋ ಇಲ್ಲೋ ನೋಡ್ಕೊಂಡು ಬಾ."

ಯಾರಿಗೆ ಬಂದು ಹೇಳಲಿ ಅಂತ ನಾನು ಕೇಳಲಿಲ್ಲ. ಹದಿನೈದು ದಿನಕ್ಕೆ ಹೋಗಿಬಿಟ್ಟರು... ಶಿಕಾಗೋದಿಂದ ಅವರ ತಂಗಿಯ ಮಗಳು ಬಂದು ಎಲ್ಲ ಮುಗಿಸಿ, ಮನೆಗೆ ಬೀಗ ಹಾಕಿದಳು.

ಬಸ್ಸು ಸರಿಯಾದ ಹೊತ್ತಿಗೆ ತಲುಪಿತು. ಟಿಕೆಟ್ ಸ್ಕ್ಯಾನ್ ಆಯಿತು. ಮ್ಯಾನೇಜರ್ ಸಿಗಲಿಲ್ಲ, ಹಲ್ಲು ನೋಯಲಿಲ್ಲ. ಎಡಗಡೆಯ ಸೀಟಿನ ಮೇಲೆ ಕೋಟು ಹಾಸಿದೆ. ಯಾರದು ಅಂತ ಯಾರೂ ಕೇಳಲಿಲ್ಲ. ಉಂಡೆ ಕಲ್ಲಾಗಿತ್ತು, ಆದರೂ ಬಾಯಲ್ಲಿಟ್ಟುಕೊಂಡೆ, ಕೆಮ್ಮು ಬರಲಿಲ್ಲ. ಹಾಡುಗಳು ಒಂದರ ಹಿಂದೆ ಒಂದು ಬಂದವು, ಜನ ಶಿಳ್ಳೆ ಹಾಕಿದರು. ಆಂಟಿಯ ತುಟಿ ಎಲ್ಲೆಲ್ಲಿ ಸೊಟ್ಟಗಾಗುತ್ತಿತ್ತು ಅಂತ ಹೆಚ್ಚುಕಮ್ಮಿ ನನಗೂ ತಿಳಿಯಿತು.

ಕೊನೆಗೆ ದೀಪ ಇಳಿಯಿತು. ಮೇಜು ಬಂತು, ಮೇಜಿನ ಮೇಲೆ ಬಿಳಿಯ ಬಟ್ಟೆ. ಕತ್ತರಿಸಿರಲಿಲ್ಲ. ಹೆಂಗಸು ಹಾಡಿ ಮುಗಿಸಿದಳು. ವಾದ್ಯ ನಿಂತಿತು. ಸಾವಿರ ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಒಂದು ಮಡಿಕೆ, ಎರಡು ಮಡಿಕೆ, ಮೂರು...

ನಾನು ಎಡಕ್ಕೆ ತಿರುಗಿದೆ.

ಕೋಟು ಇತ್ತು. ಮತ್ತೆ ಮುಂದೆ ನೋಡುವಷ್ಟರಲ್ಲಿ ಅವಳು ಬಟ್ಟೆ ಎದೆಗೊತ್ತಿಕೊಂಡು ಒಳಗೆ ಹೋಗುತ್ತಿದ್ದಳು.