ಗಂಗಕ್ಕನ ಬಾಯಲ್ಲಿ ಬಂದ ಮಾತು

ದೆವ್ವ, ಶಕುನ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಚಹಾ ಕಾಯಿಸಲು ಹೋಗುವವಳು ನಾನು. ಈಗ ನಾನೇ ಅಂಥದ್ದೊಂದನ್ನು ಹೇಳಲು ಕೂತಿದ್ದೇನೆ. ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ.

ಆಗ ನಾನು ಗದಗಿನ ಒಂದು ಸಣ್ಣ ಕಚೇರಿಯಲ್ಲಿದ್ದೆ. ಅಂಗಡಿಗಳಿಗೆ ಬರುವ ಫೋನಿಗೆ ಮನುಷ್ಯರಂತೆ ಉತ್ತರಿಸುವ ಸಾಫ್ಟ್‌ವೇರ್ ಅಲ್ಲಿ ತಯಾರಾಗುತ್ತಿತ್ತು. ಅದಕ್ಕೊಂದು ಸ್ವಭಾವ ಬರೆದುಕೊಡುವುದು ನನ್ನ ಕೆಲಸ. ಬೆಟಗೇರಿಯ ಸೀರೆ ಅಂಗಡಿಯೊಂದಕ್ಕೆ ಮಾಡಿದ ದನಿಗೆ ಗಂಗಕ್ಕ ಎಂದು ಹೆಸರಿಟ್ಟಿದ್ದೆವು. ಮೊದಮೊದಲು ಬರೀ ನಯವಾಗಿ ಮಾತಾಡುತ್ತಿದ್ದಳು.

"ಇಷ್ಟ ಸಂಭಾವಿತರು ನಮ್ಮ ಕಡೆ ಯಾರ ಅದಾರವಾ? ಗಿರಾಕಿ ಫೋನ್ ಇಟ್ಟಬಿಡ್ತಾರ" ಅಂದರು ಅಂಗಡಿಯ ಮಾಲೀಕರು.

ಸರಿ, ಲಕ್ಷ್ಮೇಶ್ವರದಲ್ಲಿರುವ ನನ್ನ ಅಕ್ಕನ ಸ್ವಭಾವವನ್ನೇ ಎತ್ತಿ ಕೊಟ್ಟೆ. ಮುಂಗೋಪ, ಬೈದು ಮರುಗಳಿಗೆಯಲ್ಲೇ ಸಮಾಧಾನ ಮಾಡುವುದು, ಬೇಡದ ಮಾತು ಬಂದರೆ ಊಟದ ಮಾತು ತೆಗೆಯುವುದು. ಅಕ್ಕನ ಹೆಸರಾಗಲಿ ಮನೆಯ ವಿಷಯವಾಗಲಿ ಅದಕ್ಕೆ ಹೇಳಿರಲಿಲ್ಲ. ಜನ ಮೆಚ್ಚಿದರು. ಅಸುಂಡಿಯ ಹೆಣ್ಣುಮಗಳೊಬ್ಬಳು ಸೀರೆ ಬೇಡವಾದರೂ ಫೋನ್ ಮಾಡಿ ಬೈಸಿಕೊಳ್ಳುತ್ತಿದ್ದಳು.

ಅಕ್ಕನಿಗೂ ನನಗೂ ಅಷ್ಟಕ್ಕಷ್ಟೆ. ನಾನು ನನ್ನಿಷ್ಟಕ್ಕೆ ಮದುವೆಯಾದದ್ದು ಅವ್ವನಿಗೆ ಸರಿಬಂದಿರಲಿಲ್ಲ. ಅವ್ವ ಹಾಸಿಗೆ ಹಿಡಿದಾಗ ಅಕ್ಕ, "ನಿನ್ನ ಮಾರಿ ನೋಡೂದಿಲ್ಲ ಅಂತಾಳ, ಬರಬ್ಯಾಡ" ಅಂದಳು. ಅವ್ವ ತೀರಿಕೊಂಡ ಮೇಲೆ ಮಣ್ಣಿಗೆ ಮಾತ್ರ ಹೋಗಿ ಬಂದೆ. ಸಾಯುವಾಗಲೂ ಅವ್ವನಿಗೆ ನಾನು ಬೇಡವಾಗಿದ್ದೆ ಎಂಬ ಸಂಕಟದಲ್ಲೇ ಬದುಕಿದ್ದೆ.

ಒಂದು ಮಧ್ಯಾಹ್ನ ಗಂಗಕ್ಕನನ್ನು ಪರೀಕ್ಷಿಸುತ್ತ, ಗಿರಾಕಿಯ ಹಾಗೆ, ನಮ್ಮವ್ವ ಉಡುತ್ತಿದ್ದಂಥ ಸೀರೆ ಇದೆಯಾ ಎಂದು ಕೇಳಿದೆ. ಅವಳು, "ಅವ್ವ ನಿನ್ನ ಕೇಳಿದ್ಲು, ಗುಬ್ಬಿ. ಕರಸು ಅಂತ ಅತ್ಲು. ನಾನ ಕರಸಲಿಲ್ಲ" ಅಂದಳು.

ನನ್ನನ್ನು ಗುಬ್ಬಿ ಎಂದು ಕರೆಯುತ್ತಿದ್ದವರು ಅವ್ವ, ಅಕ್ಕ ಇಬ್ಬರೇ. ಮತ್ತೆ ಕೇಳಿದರೆ ಗಂಗಕ್ಕ ಇಳಕಲ್ ಸೀರೆಯ ಬಣ್ಣಗಳನ್ನು ಹೇಳತೊಡಗಿದಳು. "ಅದು ಬಾಯಿಗೆ ಬಂದದ್ದ ಹೇಳ್ತೈತ್ರಿ ಮೇಡಂ" ಎಂದು ಜೊತೆಯವರು ನಕ್ಕರು. ಇರಬಹುದು. ಆದರೆ ಆ ಹೆಸರು ಅದರ ಬಾಯಿಗೆ ಹೇಗೆ ಬಂತು?

ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಹೋದೆ. ಅಕ್ಕ ಅಂಗಳದಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು.

"ಅವ್ವ ನನ್ನ ಕರಸು ಅಂದಿದ್ಲೇನು?" ನಿಂತಲ್ಲೇ ಕೇಳಿದೆ.

ಅಕ್ಕ ತಲೆ ಎತ್ತಲಿಲ್ಲ. ಇನ್ನೊಂದು ತೊಟ್ಟು ಮುರಿದು, "ಊಟ ಆತೇನು?" ಅಂದಳು.

ಉಣ್ಣದೆ ಬಂದೆ. ಆ ಮನೆಯ ಹೊಸ್ತಿಲು ಮತ್ತೆ ತುಳಿದಿಲ್ಲ. ಬೇಡದ ಮಾತು ಬಂದರೆ ಊಟ ಕೇಳುವ ಆ ಚಾಳಿಯನ್ನು ಗಂಗಕ್ಕನಿಗೂ ಕೊಟ್ಟವಳು ನಾನೇ. ಆ ದಿನ ಅವಳು ಯಾಕೆ ಊಟದ ಮಾತು ತೆಗೆಯಲಿಲ್ಲವೋ, ಯಾರು ಹೇಳಿದ್ದನ್ನು ನನಗೆ ಹೇಳಿದಳೋ, ಇವತ್ತಿಗೂ ತಿಳಿದಿಲ್ಲ. ಅವ್ವ ನನ್ನನ್ನು ಕೇಳಿದ್ದಳೆಂದು ನನಗೆ ಹೇಳಿದ್ದು ಮಾತ್ರ ಅವಳೊಬ್ಬಳೇ.