ಡೋಣಿ ದಾರಿಯ ಕೆಂಪು ತಗಡು

ಗದಗ ರೈಲು ನಿಲ್ದಾಣದಲ್ಲಿ ಸಿಗ್ನಲ್ ಫಿಟರ್ ಆಗಿ ಮೂವತ್ತೈದು ವರ್ಷ ದುಡಿದ ನಬಿಸಾಬರು ತಮ್ಮ ಕೆಲಸವನ್ನು ನೌಕರಿ ಎಂದು ಕರೆದದ್ದನ್ನು ನಾನು ಕೇಳಲೇ ಇಲ್ಲ. ಅದನ್ನು ಅವರು ‘ಕರಾಮತ್ತು’ ಎನ್ನುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ದಿನ ಕ್ಯಾಬಿನ್ನಿನ ಮೇಜಿನ ಮೇಲಿದ್ದ ಯಂತ್ರದ ಮುಳ್ಳು ತಾನಾಗಿ ವಾಲಿತಂತೆ, ಗಂಟೆ ಟಣ್ ಎಂದಿತಂತೆ. “ಹುಲಕೋಟಿಯಿಂದ ಗಾಡಿ ಬಿಟ್ಟಾರ” ಎಂದ ಹಿರಿಯ ಕೆಲಸಗಾರ. ಹತ್ತೊಂಬತ್ತರ ನಬಿಸಾಬರು ಹೊರಗೆ ಓಡಿ ಹಳಿ ನೋಡಿದರು. ಏನೂ ಇರಲಿಲ್ಲ. ಬಹಳ ಹೊತ್ತು ಕಾದ ಮೇಲೆ ದೂರದಲ್ಲಿ ಹೊಗೆ ಕಂಡಿತು.

“ಗಾಡಿಗಿಂತ ಮೊದಲ ಗಾಡಿ ಸುದ್ದಿ ಬಂತು ನೋಡವ್ವಾ! ನನಗ ಮೈ ಜುಮ್ಮಂತು,” ಎಂದು ಐವತ್ತೈದು ದಾಟಿದ ಮೇಲೂ ನನ್ನೆದುರು ತೋಳಿನ ರೋಮ ತೋರಿಸಿ ಹೇಳುತ್ತಿದ್ದರು.

ಅವರು ನಿವೃತ್ತರಾಗಿ ಹೆಂಡತಿ ಮೆಹಬೂಬಿಯ ಊರಾದ ಮುಂಡರಗಿಗೆ ಬಂದದ್ದು ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ. ಸುಮ್ಮನೆ ಕೂರಲಾರದೆ ಸ್ಟೋವು, ಪಂಪು, ಸೈಕಲ್ ಡೈನಮೋ ರಿಪೇರಿ ಮಾಡಿಕೊಂಡಿದ್ದರು. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಟೀಚರ್. ಇದ್ದದ್ದು ಮಾತ್ರ ಊರ ಹೊರಗೆ, ಡೋಣಿ ಎಂಬ ಹಳ್ಳಿಗೆ ಹೋಗುವ ರಸ್ತೆಯ ಪಕ್ಕದ ಹೊಲದಲ್ಲಿ, ಯಮುನಾ ಮೌಶಿಯ ಮನೆಯಲ್ಲಿ.

ಮೌಶಿ ನನ್ನ ತಾಯಿಯ ಅಕ್ಕ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು, ಹಟ ಹಿಡಿದು ನರ್ಸ್ ಕೆಲಸ ಕಲಿತು, ಲಕ್ಷ್ಮೇಶ್ವರ, ಶಿರಹಟ್ಟಿ ಕಡೆ ಸರಕಾರಿ ದವಾಖಾನೆಗಳಲ್ಲಿ ಸೇವೆ ಮಾಡಿದವಳು. ನಿವೃತ್ತಿಯ ನಂತರ ಗಂಡನ ಪಾಲಿನ ಹೊಲದ ಮನೆಗೆ ಬಂದು, ಬಾಣಂತಿಯರಿಗೆಂದೇ ಎರಡು ಕೋಣೆ ಕಟ್ಟಿಸಿದ್ದಳು. ಕಪ್ಪತಗುಡ್ಡದ ಬುಡದ ಹಳ್ಳಿಗಳಿಂದ ಬಸುರಿಯರನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ಬರುತ್ತಿದ್ದರು. ಡಾಂಬರು ರಸ್ತೆಯಿಂದ ಮನೆಗೆ ಎರಡು ಫರ್ಲಾಂಗಿನ ಸ್ವಂತ ದಾರಿ. ಎರಡೂ ಬದಿಗೆ ಆಳೆತ್ತರದ ಕಳ್ಳಿ ಬೇಲಿ, ನಡುವೆ ಒಂದು ಹಳ್ಳದ ತಗ್ಗು. ಗಾಡಿ ಅಂಗಳಕ್ಕೆ ಬರುವ ತನಕ ಬಂದದ್ದು ಯಾರಿಗೂ ಕಾಣುತ್ತಿರಲಿಲ್ಲ.

ಕಾಣದಿದ್ದರೂ ಎತ್ತಿನ ಗೆಜ್ಜೆ ಕೇಳುತ್ತಿತ್ತು. ಆದರೆ ಮೌಶಿಯ ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತ ಬಂತು. ನಾವು ಮಾತಾಡಿದರೆ ತುಟಿ ನೋಡಿ ಉತ್ತರ ಕೊಡುತ್ತಿದ್ದಳು.

ಎಪ್ಪತ್ತೇಳರ ಬೇಸಿಗೆಯಲ್ಲಿ ನಾನು ಶಾಲೆಯಲ್ಲಿದ್ದಾಗ ಒಂದು ಗಾಡಿ ಬಂದು, ಬಾಗಿಲು ಬಡಿದು, ಕೂಗಿ, ಮನೆಯಲ್ಲಿ ಯಾರೂ ಇಲ್ಲವೆಂದು ತಿರುಗಿ ಹೋಯಿತು. ಮೌಶಿ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮುಂಡರಗಿಯ ದಾರಿಯಲ್ಲೇ ಹೆರಿಗೆಯಾಯಿತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಸುದ್ದಿ ತಿಳಿದ ದಿನ ಮೌಶಿ ಬಾಣಂತಿ ಕೋಣೆಗಳಿಗೆ ಕೀಲಿ ಹಾಕಿದಳು. “ಸಾಕಾತು ನರ್ಮದಾ. ಕಿವಿ ಇಲ್ಲದವರು ಈ ಕೆಲಸ ಮಾಡಬಾರದು,” ಎಂದಳು. ಊಟವನ್ನೂ ಸರಿಯಾಗಿ ಮಾಡಲಿಲ್ಲ.

ನಬಿಸಾಬರ ಮಗಳ ಎರಡು ಹೆರಿಗೆ ಅದೇ ಕೋಣೆಯಲ್ಲಿ ಆಗಿದ್ದವು. ಕೀಲಿಯ ವಿಷಯ ಕೇಳಿ ಅವರು ಸೈಕಲ್ ತುಳಿದುಕೊಂಡು ಬಂದರು. ಮೌಶಿಯ ಎದುರಿಗೆ ಕೂತು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದರು:

“ಬಾಯಾರ, ಒಂದ ತಿಂಗಳ ಟೈಮ್ ಕೊಡ್ರಿ. ಗಾಡಿ ರಸ್ತೆ ಬಿಟ್ಟು ನಿಮ್ಮ ದಾರಿಗೆ ಇಳದ ಕೂಡ್ಲೆ ನಿಮಗ ಕಾಣಂಗ ಮಾಡತೀನಿ.”

“ಬಾಗಿಲಿಗೆ ಒಂದು ಹಗ್ಗ ಕಟ್ಟಿ, ಜಗ್ಗಿದ್ರ ಒಳಗ ಏನರೆ ಅಲುಗಾಡೂ ಹಂಗ ಮಾಡಿದ್ರ ಸಾಲದೇನು?” ನಾನು ಕೇಳಿದೆ.

“ಹೆರಿಗಿ ಬ್ಯಾನಿ ತಿನ್ನಾಕಿನ್ನ ಕರಕೊಂಡು ಬಂದವಗ ಹಗ್ಗ ಜಗ್ಗೂ ಖಬರ ಇರತೈತೇನವ್ವಾ? ಗಾಲಿನ ಹೇಳಬೇಕು. ರೈಲಿನ್ಯಾಗ ಗಾಲಿನ ಹೇಳತೈತಿ.”

ಮೌಶಿ ಒಪ್ಪಿದಳೆಂದು ಹೇಳಲಾರೆ. ಬೇಡವೆನ್ನಲಿಲ್ಲ, ಅಷ್ಟೇ.

ಮೊದಲು ಅವರು ದಾರಿಯ ಬಾಯಲ್ಲಿ ಒಂದು ಹಲಗೆ ಹುಗಿದು ಅದರಡಿ ಸ್ಪ್ರಿಂಗ್ ಇಟ್ಟರು. ಎತ್ತುಗಳು ಟೊಳ್ಳು ಸದ್ದಿಗೆ ಬೆದರಿ ಕಾಲೇ ಇಡಲಿಲ್ಲ. ಹಲಗೆ ತೆಗೆದರು. ಆಮೇಲೆ ಹತ್ತಿಗೆ ಔಷಧ ಹೊಡೆಯುವ ಪಂಪಿನ ದಪ್ಪ ರಬ್ಬರ್ ನಳಿಕೆ ತಂದು ದಾರಿಗೆ ಅಡ್ಡಲಾಗಿ ಮಲಗಿಸಿದರು. ಒಂದು ತುದಿ ಬಂದ್. ಇನ್ನೊಂದು ತುದಿ ಬೇಲಿಯ ಮರೆಯ ನಶ್ಯದ ಡಬ್ಬಿಗೆ. ಡಬ್ಬಿಯ ಬಾಯಿಗೆ ಸೈಕಲ್ ಟ್ಯೂಬಿನ ತುಂಡನ್ನು ಬಿಗಿಯಾಗಿ ಕಟ್ಟಿದ್ದರು. ಗಾಲಿ ನಳಿಕೆಯನ್ನು ಒತ್ತಿದರೆ ಒಳಗಿನ ಗಾಳಿ ಓಡಿ ಬಂದು ಆ ರಬ್ಬರನ್ನು ಉಬ್ಬಿಸುತ್ತಿತ್ತು. ಉಬ್ಬಿದ ರಬ್ಬರು ಒಂದು ಹಿತ್ತಾಳೆ ಪಟ್ಟಿಯನ್ನು ಎತ್ತಿ ಮೇಲಿನ ತಿರುಪಿಗೆ ತಾಗಿಸುತ್ತಿತ್ತು. ಅಲ್ಲಿಂದ ಕಳ್ಳಿ ಬೇಲಿಯ ಗುಂಟ ಎರಡು ತಂತಿ ಮನೆಯ ತನಕ. ಪಡಸಾಲೆಯ ಕಂಬಕ್ಕೆ, ಅಡಿಗೆಮನೆಗೂ ಹಿತ್ತಿಲಿಗೂ ಕಾಣುವಂತೆ, ಅಂಗೈಯಗಲದ ಕೆಂಪು ತಗಡು. ಹಳೆಯ ಲಾರಿ ಬ್ಯಾಟರಿಯ ಕರೆಂಟು ಹರಿದರೆ ಕೊಕ್ಕೆ ಬಿಟ್ಟು ತಗಡು ಸಿಗ್ನಲ್ಲಿನ ಕೈಯಂತೆ ಕೆಳಗೆ ಬೀಳುತ್ತಿತ್ತು. ನಾವೇ ಎತ್ತಿ ನಿಲ್ಲಿಸುವ ತನಕ ಬಿದ್ದೇ ಇರುತ್ತಿತ್ತು.

ಮೊದಲ ವಾರ ದಿನಕ್ಕೆ ಇಪ್ಪತ್ತು ಸಲ ಬಿತ್ತು. ಮೇಯಲು ಬಂದ ಎಮ್ಮೆಗಳ ಕಾಲಿಗೆ ಬಿತ್ತು. ಕುರಿ ಹಿಂಡಿಗೆ ಬಿತ್ತು. ನನಗೆ ನಗು, ಮೌಶಿಗೆ ಸಿಟ್ಟು. ನಬಿಸಾಬರು ಮಾತ್ರ ಬೇಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮೂರು ದಿನ ಕಾಲುಗಳನ್ನೇ ನೋಡಿದರು. ನಾಲ್ಕನೆಯ ದಿನ ಓಡಿ ಬಂದರು.

“ದನ ಒಂದೊಂದ ಕಾಲ ಇಡತೈತ್ರಿ. ಗಾಡಿ ಎರಡೂ ಗಾಲಿ ಒಮ್ಮೆಗೇ ಇಡತೈತಿ! ಎರಡ ಕಡೆ ಕೂಡೇ ಒತ್ತಿದಾಗಷ್ಟ ತಗಡ ಬೀಳಬೇಕು, ಮುಗೀತು.”

ಒಂದೇ ಕಾಲು ಒತ್ತಿದ ಗಾಳಿಗೆ ಪಟ್ಟಿ ಮುಟ್ಟದಂತೆ ತಿರುಪನ್ನು ಕೂದಲೆಳೆಯಷ್ಟು ಮೇಲೆತ್ತಿದರು. ಅಲ್ಲಿಂದ ಎಮ್ಮೆಗೆ ತಗಡು ಬೀಳಲಿಲ್ಲ. ಚಕ್ಕಡಿಗೆ ಬಿತ್ತು, ಜೀಪಿಗೆ ಬಿತ್ತು.

ಆದರೂ ಒಂದು ಮಧ್ಯಾಹ್ನ ದಾರಿಯಲ್ಲಿ ನರಪಿಳ್ಳೆಯಿಲ್ಲದಾಗ ಬಿತ್ತು. ಮರುದಿನವೂ ಅದೇ ಹೊತ್ತಿಗೆ. ನಬಿಸಾಬರು ಬಂದು ನಳಿಕೆಯನ್ನು ಮುಟ್ಟಿ ಕೈ ಹಿಂದೆಗೆದರು. ಕಾದ ಕಬ್ಬಿಣದಂತಿತ್ತು. ಒಳಗಿನ ಗಾಳಿ ಬಿಸಿಲಿಗೆ ಹಿಗ್ಗಿ ರಬ್ಬರನ್ನು ಉಬ್ಬಿಸಿತ್ತು. ತಮ್ಮ ಯಂತ್ರ ಕೆಟ್ಟಿತೆಂದು ಅವರು ಬೇಸರಪಟ್ಟುಕೊಳ್ಳಲಿಲ್ಲ. ಟೊಪ್ಪಿಗೆ ತೆಗೆದು ಆಕಾಶ ನೋಡಿದರು.

“ಸೂರ್ಯಾ ಬಂದು ತುಳದ ಹೋಗ್ಯಾನ್ರೀ ಬಾಯಾರ!” ಎಂದರು. ದನಿ ಇಳಿದಿತ್ತು.

ಆ ದಿನ ಎಷ್ಟೋ ವಾರಗಳ ಮೇಲೆ ಮೌಶಿ ನಕ್ಕಳು. ಅವರು ರಬ್ಬರಿಗೆ ಸೂಜಿಮೊನೆಯಷ್ಟು ತೂತು ಮಾಡಿದರು. ನಿಧಾನವಾಗಿ ಹಿಗ್ಗುವ ಗಾಳಿ ಅದರಿಂದ ಸೋರಿ ಹೋಗುತ್ತಿತ್ತು. ಗಾಲಿ ತಟ್ಟನೆ ಒತ್ತಿದ ಗಾಳಿಗೆ ಸೋರಲು ಪುರುಸೊತ್ತಿರಲಿಲ್ಲ. ಮರುವಾರ ಮೌಶಿ ಕೋಣೆಗಳ ಕೀಲಿ ತೆಗೆದಳು.

ಎರಡು ವರ್ಷ ತಗಡು ಬೀಳುತ್ತ, ಏಳುತ್ತ, ಮನೆಯ ಒಬ್ಬ ಸದಸ್ಯನಂತಾಯಿತು. ಬಿದ್ದದ್ದು ಕಂಡ ಕೂಡಲೇ ಮೌಶಿ ಅದನ್ನು ನಿಲ್ಲಿಸಿ, ಒಲೆಯ ಮೇಲೆ ಬೋಗುಣಿ ಇಡುತ್ತಿದ್ದಳು. ನೀರು ಕುದಿ ಬರುವ ಹೊತ್ತಿಗೆ ಗಾಡಿ ಅಂಗಳದಲ್ಲಿರುತ್ತಿತ್ತು.

ಎಪ್ಪತ್ತೊಂಬತ್ತರ ಶ್ರಾವಣ, ಒಂದು ಭಾನುವಾರ. ಮೋಡ ಕವಿದಿತ್ತು, ಜೋರು ಗಾಳಿ. ಊಟ ಮುಗಿಸಿ ನಾನು ಪೇಪರು ತಿದ್ದುತ್ತಿದ್ದೆ. ತಗಡು ಬಿತ್ತು. ಮೌಶಿ ಎತ್ತಿ ನಿಲ್ಲಿಸಿ ನೀರಿಟ್ಟಳು. ನೀರು ಕುದಿಯಿತು. ಅಂಗಳ ಖಾಲಿ. ಇನ್ನೂ ಸ್ವಲ್ಪ ಹೊತ್ತಾಯಿತು.

“ಬಿಸಿಲಿಗೆ ಬಿದ್ದಿರಬೇಕು ಮೌಶಿ,” ಎಂದೆ.

“ಇವತ್ತು ಬಿಸಿಲು ಎಲ್ಲದ?”

“ಹಂಗಾರ ಯಾರೋ ದಾರಿ ತಪ್ಪಿ ಬಂದು ತಿರುಗಿ ಹೋಗ್ಯಾರ.”

ಮೌಶಿ ಕಂಬದತ್ತ ನೋಡಿದಳು. ತಗಡು ಅವಳು ನಿಲ್ಲಿಸಿದ ಹಾಗೆಯೇ ನೆಟ್ಟಗೆ ನಿಂತಿತ್ತು. ಅವಳ ಮುಖದ ಬಣ್ಣ ಬದಲಾಯಿತು.

“ತಿರುಗಿ ಹೋಗಿದ್ರ ಮತ್ತ ಬೀಳ್ತಿತ್ತು, ನರ್ಮದಾ. ಒಳಗ ಬಂದದ. ಹೊರಗ ಹೋಗಿಲ್ಲ. ನಡುವ ಅದ!”

ಅರವತ್ತು ದಾಟಿದ ಹೆಂಗಸು ಹಾಗೆ ಓಡುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವಳ ಹೆರಿಗೆ ಸಾಮಾನಿನ ಪೆಟ್ಟಿಗೆ ಎತ್ತಿಕೊಂಡು ನಾನು ಬೆನ್ನ ಹಿಂದೆ ಓಡಿದೆ. ಹಳ್ಳದ ತಗ್ಗಿನಲ್ಲಿ ಚಕ್ಕಡಿ ಮಗ್ಗುಲಾಗಿ ಬಿದ್ದಿತ್ತು. ಗಾಲಿಯನ್ನು ಅಚ್ಚಿಗೆ ಹಿಡಿದಿಡುವ ಕಡಾಣಿ ಕಳಚಿ ಒಂದು ಗಾಲಿ ಬೇಲಿಗೆ ಹೋಗಿ ನಿಂತಿತ್ತು. ಎತ್ತುಗಳು ಕೊರಳ ಹಗ್ಗ ಹರಿದುಕೊಂಡು ಆಚೆ ನಿಂತಿದ್ದವು. ಗಾಡಿ ಹೊಡೆಯುತ್ತಿದ್ದ ಡೋಣಿಯ ಸಂಗಪ್ಪನ ಕಾಲು ನೊಗದ ಕೆಳಗೆ. ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು. ಅವನ ಹೆಂಡತಿ ಶೇಖವ್ವ ಉರುಳಿದ ಗಾಡಿಗೆ ಬೆನ್ನು ಕೊಟ್ಟು, ಎರಡೂ ಕೈಯಲ್ಲಿ ಮಣ್ಣು ಹಿಡಿದು ಕೂತಿದ್ದಳು.

“ಅವ್ವಾ, ಬಂದ್ರ್ಯಾ?” ಎಂದಳು.

ಎಲ್ಲಿಗೂ ಸಾಗಿಸುವ ಹೊತ್ತಿರಲಿಲ್ಲ. ನಾನು ಗಾಡಿಯಲ್ಲಿ ಹಾಸಿದ್ದ ಸೀರೆಯನ್ನು ಗಾಡಿಗೂ ಬೇಲಿಗೂ ಕಟ್ಟಿ ಮರೆ ಮಾಡಿದೆ. ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಎರಡು ಸುತ್ತು ಸುತ್ತಿಕೊಂಡಿತ್ತು. ಮೌಶಿಯ ಬೆರಳು ಅದನ್ನು ಬಿಡಿಸಿದ ರೀತಿ, ಹೂಮಾಲೆಯ ಗಂಟು ಬಿಡಿಸಿದ ಹಾಗಿತ್ತು. ಹೆಣ್ಣು ಕೂಸು. ನೀಲಿಗಟ್ಟಿತ್ತು, ಸದ್ದಿಲ್ಲ. ಮೌಶಿ ಬೆನ್ನು ಉಜ್ಜಿದಳು, ಬಾಯಿ ಒರೆಸಿದಳು, ಮತ್ತೆ ಉಜ್ಜಿದಳು. ಕೊನೆಗೆ ಆ ಹಳ್ಳದಲ್ಲಿ ಬೆಕ್ಕಿನ ಮರಿಯಂಥ ಒಂದು ದನಿ ಎದ್ದಿತು.

ಮೌಶಿಗೆ ಕೇಳಲಿಲ್ಲ. ಅವಳು ಇನ್ನೂ ಉಜ್ಜುತ್ತಲೇ ಇದ್ದಳು. ನಾನು ಭುಜ ಹಿಡಿದು ತಿರುಗಿಸಿದೆ.

“ಅತ್ತಿತೇನು?” ಎಂದಳು.

“ಅಳ್ಳಿಕ್ಕತ್ತದ ಮೌಶಿ!”

ಅವಳು ಕೂಸಿನ ಎದೆಯ ಮೇಲೆ ಅಂಗೈ ಇಟ್ಟು, ಆ ಅಳುವನ್ನು ಕೈಯಿಂದಲೇ ಕೇಳಿಸಿಕೊಂಡಳು. ಅವಳ ಕಣ್ಣುಗಳು ಮುಚ್ಚಿದ್ದವು. ಆಮೇಲೆ ನಾನೂ ಅವಳೂ ಸೇರಿ ನೊಗ ಎತ್ತಿ ಸಂಗಪ್ಪನನ್ನು ಬಿಡಿಸಿದೆವು. ಕಾಲು ಮುರಿದಿರಲಿಲ್ಲ, ಬಾತಿತ್ತು.

ಮರುದಿನ ನಬಿಸಾಬರಿಗೆ ನಾನೇ ಹೋಗಿ ಹೇಳಿದೆ. ಹೊಗಳಿಕೆಗೆ ಹಿಗ್ಗುವರೆಂದುಕೊಂಡಿದ್ದೆ. ಅವರು ಇಕ್ಕಳ ಕೆಳಗಿಟ್ಟು, ತಗಡು ಎಷ್ಟು ಸಲ ಬಿತ್ತೆಂದು ಮತ್ತೆ ಕೇಳಿದರು. ಸಂಜೆ ಬಂದು, ಕೂಸನ್ನು ನೋಡಿ, ಆಮೇಲೆ ಕಂಬದ ಮುಂದೆ ನಿಂತರು.

“ಬಾಯಾರ, ಬಂದದ್ದ ಹೇಳಲಿ ಅಂತ ಇದನ್ನ ಮಾಡಿದ್ದೆ. ಮನಿ ಮುಟ್ಟಲಾರದ್ದನ್ನೂ ಹೇಳತೈತಿ ಅಂತ ನನಗ ಖರೇನ ಗೊತ್ತಿದ್ದಿಲ್ಲ. ಸುಮ್ಮನ ನಿಂತು ಹೇಳತಲ್ಲರೀ!”

“ಹೇಳಿದ್ದು ಅದು. ಕಲಿಸಿದವರು ನೀವು,” ಎಂದಳು ಮೌಶಿ.

“ಇಲ್ರಿ. ಅಷ್ಟ ನನಗ ಬರತಿದ್ದಿಲ್ಲ,” ಎಂದು ಅವರು ತಲೆಯಾಡಿಸಿದರು. ಅದು ವಿನಯವಲ್ಲ. ಅವರ ಮುಖ ನೋಡಿದ ನನಗೆ ಗೊತ್ತು.

ಎಂಬತ್ತಾರರಲ್ಲಿ ಮೌಶಿ ತಾನಾಗಿ ಕೆಲಸ ನಿಲ್ಲಿಸುವ ತನಕ ತಗಡು ದುಡಿಯಿತು. ಆ ವರ್ಷಗಳ ನಡುವೆ ಬೆಟಗೇರಿಯ ಒಬ್ಬ ಹತ್ತಿ ವ್ಯಾಪಾರಿ ತನ್ನ ಗೋದಾಮಿನ ದಾರಿಗೂ ಅಂಥದೊಂದು ಮಾಡಿಸಿಕೊಂಡ. ಅದರ ಸುದ್ದಿ ಕೇಳಿ ಗದಗಿನಿಂದ ದತ್ತಾತ್ರಿ ಎಂಬ ಎಂಜಿನಿಯರು ಮೋಟರ್ ಸೈಕಲ್ ಮೇಲೆ ಮೂಲ ಯಂತ್ರ ನೋಡಲು ಬಂದರು. ನಬಿಸಾಬರು ಅವರನ್ನು ದಾರಿಯ ಬಾಯಿಗೆ ಕರೆದುಕೊಂಡು ಹೋದರು. ನಾನೂ ಮೌಶಿಯೂ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆವು.

ತಗಡು ಬಿತ್ತು. ನಿಲ್ಲಿಸಿದೆ. ಮತ್ತೆ ಬಿತ್ತು. ಮತ್ತೆ ನಿಲ್ಲಿಸಿದೆ. ಐದಾರು ಸಲವಾದ ಮೇಲೆ ಗಾಬರಿಯಾಗಿ ದಾರಿಯಲ್ಲಿ ನಡೆದು ಹೋಗಿ ನೋಡಿದೆ. ಇಸ್ತ್ರಿ ಪ್ಯಾಂಟಿನ ಎಂಜಿನಿಯರು ದಾರಿಯ ಒಂದು ಬದಿಗೆ, ಬಿಳಿ ಗಡ್ಡದ ನಬಿಸಾಬರು ಇನ್ನೊಂದು ಬದಿಗೆ ನಿಂತಿದ್ದರು. “ಒಂದ, ಎರಡ, ಹಾಂ!” ಎಂದು ಎಣಿಸಿ ಇಬ್ಬರೂ ಒಟ್ಟಿಗೆ ನಳಿಕೆಯ ಮೇಲೆ ಜಿಗಿಯುತ್ತಿದ್ದರು. ನಾನು ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ.