ತಗಡಿನ ಮೇಲಿನ ಕಲ್ಲು

ಎರಡನೆಯ ಮಹಾಯುದ್ಧದ ಕಾಲದ ಒಂದು ಬೇಸಿಗೆಯಲ್ಲಿ ಇಚಲಕರಂಜಿಯ ಮೇಲೆ ಸುಂಟರಗಾಳಿ ಹಾದುಹೋದ ಸುದ್ದಿ ಬಂತು. ವರದಿಗಾಗಿ ಬೆಳಗಾವಿಯಿಂದ ಹೊರಟೆ. ಮೀರಜದಲ್ಲಿ ಗಾಡಿ ಬದಲಿಸಿ, ಜಯಸಿಂಗಪುರದವರೆಗೆ ನಿಂತುಕೊಂಡೇ ಸಾಗಿ, ಹಾತಕಣಂಗಲೆಯಲ್ಲಿ ಇಳಿದು ಟಾಂಗಾ ಹಿಡಿದೆ.

ಇಚಲಕರಂಜಿಯ ಒಂದು ಓಣಿಯಲ್ಲಿ ಒಲೆಯ ಬೂದಿಯೂ ಚದುರಿರಲಿಲ್ಲ. ಪಕ್ಕದ ಓಣಿಯಲ್ಲಿ ಮನೆಗಳಿಗೆ ಮಾಡೇ ಇರಲಿಲ್ಲ. ತಗಡು ಹಾರದಿರಲೆಂದು ಮೇಲೆ ಕಲ್ಲು ಹೇರುವುದು ಈ ಕಡೆಯ ರೂಢಿ. ನೇಕಾರ ಶಿವಲಿಂಗಪ್ಪನ ಹೆಂಡತಿಯನ್ನು ಕೊಂದದ್ದು ಅಂಥ ಒಂದು ಕಲ್ಲು. ತಗಡು ಎದ್ದಿತು, ಕಲ್ಲು ಒಳಗೆ ಬಿದ್ದಿತು.

ಮಗ್ಗದ ಕೆಳಗೆ ಕಾಲು ಇಳಿಬಿಡುವ ಕುಣಿಯನ್ನು ಅವನು ತೋರಿಸಿದ. "ನಾ ಇದರಾಗ ಕುಂತು ಉಳಿದೇನ್ರಿ. ನೀನೂ ಇಳಿ ಅಂದೆ. ನೇಯೂ ಸೀರಿ ತೋಯತೈತಿ ಅಂತ ಮಗ್ಗಕ್ಕ ಅರಿವಿ ಹೊಚ್ಚಾಕ ನಿಂತಳು."

ನಾನು ಗಡಹಿಂಗ್ಲಜದ ಕಡೆಗೂ ಹೋಗುವವನೆಂದು ತಿಳಿದಾಗ ಅವನು ಎದ್ದು ನಿಂತ. "ಅಲ್ಲೇ ಹಂತ್ಯಾಕ, ನೂಲ ಅನ್ನೂ ಊರಾಗ ನನ್ನ ತಂಗಿ ಬಾಳವ್ವ ಅದಾಳ. ಅಕಿ ಮನಿ ಮ್ಯಾಲೂ ಹಿಂಗ ಕಲ್ಲು ಹೇರ್ಯಾರ. ಮೊನ್ನೆ ಇಕಿಗೆ ಮಣ್ಣು ಕೊಡಾಕ ಬಂದಿದ್ದಳು, ಅಳೂದ್ರಾಗ ಹೇಳೂದು ಮರತೆ. ಕಲ್ಲು ಇಳಸಂತ ಹೇಳ್ರಿ. ತಗಡು ತೊಲಿಗೆ ತಂತೀಲೆ ಬಿಗೀಲಿ. ಗಾಳಿ ಬಂದ್ರ ಹಳೇ ಮಣ್ಣಿನ ಮಾಳಿಗಿ ಮನಿ ಒಳಗ ಹೋಗಿ ಕುಂಡ್ರಲಿ."

ಗಡಹಿಂಗ್ಲಜಕ್ಕೆ ಹೋಗುವ ದಾರಿಯಲ್ಲಿ, ಕೊಲ್ಲಾಪುರದ ಪೇಟೆಯಲ್ಲಿ, ತಗಡು ಬಿಗಿಯುವ ತಂತಿ ಕೇಳಿದೆ. ಅಂಗಡಿಯ ಜೈನ ವರ್ತಕರು ಖಾಲಿ ಗೂಟ ತೋರಿಸಿದರು. "ಕಬ್ಬಿಣೆಲ್ಲಾ ಲಡಾಯಿಗೆ ಹೋಗೈತ್ರಿ. ಹಗ್ಗ ಒಯ್ರಿ. ತಗಡಿಗೆ ಆಗದಿದ್ರ ಎಮ್ಮಿ ಕಟ್ಟಾಕರ ಬರತೈತಿ." ಹಗ್ಗವನ್ನೇ ಕೊಂಡೆ.

ಮರುದಿನ, ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಮೋಟಾರು ಪ್ರತಿ ಏರಿನಲ್ಲೂ ನಮ್ಮನ್ನು ಇಳಿಸಿ, ನಿಪ್ಪಾಣಿ, ಸಂಕೇಶ್ವರ ದಾಟಿ ಸಂಜೆಗೆ ಗಡಹಿಂಗ್ಲಜ ಮುಟ್ಟಿಸಿತು. ಖಾನಾವಳಿಯಲ್ಲಿ ರೊಟ್ಟಿ, ಕಡಲೆಹಿಟ್ಟಿನ ಝುಣಕ ಸಿಕ್ಕಿತು. ಬೆಳಿಗ್ಗೆ ಚಕ್ಕಡಿಯಲ್ಲಿ ನೂಲಕ್ಕೆ ಹೋದೆ. ಸೆಕೆಗೆ ಎತ್ತುಗಳ ಬಾಯಲ್ಲಿ ನೊರೆ ಬಂದಿತ್ತು.

ಬಾಳವ್ವನ ಗಂಡ ಮಲ್ಲಪ್ಪ ಮಾಡಿನ ಮೇಲೇ ಇದ್ದ. ಇಚಲಕರಂಜಿಯ ಗಾಳಿಗೆ ಹೆದರಿ ಇನ್ನಷ್ಟು ಕಲ್ಲು ಹೇರುತ್ತಿದ್ದ. "ಬರ್ರಿ ಸಾಹೇಬ್ರ, ಒಂದೀಟು ಕೈ ಹಚ್ರಿ!"

ಅವನು ಇಳಿದ ಮೇಲೆ ಭಾವನ ಮಾತು ತಿಳಿಸಿದೆ. ಸಮಾಧಾನದಿಂದಲೇ ಕೇಳಿದ. "ಅವರ ಕಲ್ಲು ಸಣ್ಣವು ಇದ್ದಿರಬೇಕ್ರಿ," ಎಂದ. ಹಗ್ಗವನ್ನು ಜಗ್ಗಿ ನೋಡಿ, ಮೆಚ್ಚಿ, ಒಯ್ದು ಎಮ್ಮೆಗೆ ಕಟ್ಟಿದ. ಎಮ್ಮೆ ಇದ್ದದ್ದು ದಪ್ಪ ಮಣ್ಣಿನ ಛಾವಣಿಯ ಹಳೆಯ ಮಾಳಿಗೆಯಲ್ಲಿ. ಸಂಸಾರ ಇದ್ದದ್ದು ಹೊಸ ತಗಡಿನ ಕೆಳಗೆ.

"ಎಮ್ಮಿ ಹೊರಗ ಕಟ್ಟಿ ನಾವ್ ಮಾಳಿಗ್ಯಾಗ ಮಲಗೂಣು," ಎಂದಳು ಬಾಳವ್ವ. "ಅಣ್ಣ ಸುಳ್ಳ ಹೇಳಿ ಕಳಸ್ತಾನೇನು?"

"ಗಬ್ಬದ ಎಮ್ಮಿ ಹೊರಗ ಕಟ್ಟಂತೀ? ಭಾಳ ಶಾಣ್ಯಾಕಿ ಅದೀ."

ಮಧ್ಯಾಹ್ನ ಪಡುವಣ ಬಾನು ಕಂದುಬಣ್ಣಕ್ಕೆ ತಿರುಗಿತು. ಬಂದದ್ದು ಸುಂಟರಗಾಳಿಯಲ್ಲ, ಮಳೆಯ ಮುಂಚಿನ ವಾಡಿಕೆಯ ಗಾಳಿ. ಬಾಳವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು, "ಏಳ್ರಿ, ಏಳ್ರಿ" ಎಂದು ನನ್ನನ್ನೂ ಎಬ್ಬಿಸಿಕೊಂಡು ಮಾಳಿಗೆಗೆ, ಎಮ್ಮೆಯ ಮಗ್ಗುಲಿಗೆ ಓಡಿದಳು. ಮಲ್ಲಪ್ಪ ಅಡಿಗೆಮನೆಯಲ್ಲಿ ತೊಲೆ ಹಿಡಿದು ನಿಂತ. ತಗಡು ಒಮ್ಮೆ ಮೇಲೆದ್ದು ಕೆಳಕ್ಕೆ ಅಪ್ಪಳಿಸಿತು. ಗಾಳಿ ನಿಂತ ಮೇಲೆ ಹೋಗಿ ನೋಡಿದೆವು. ಅವಳು ಕುಳಿತಿದ್ದ ಮಣೆಯ ಮೇಲೆ ಕಲ್ಲು ಬಿದ್ದಿತ್ತು, ರೊಟ್ಟಿಯ ಹಂಚು ಒಡೆದಿತ್ತು. ಮಲ್ಲಪ್ಪನ ಹೆಗಲು ತರಚಿ ರಕ್ತ ಬರುತ್ತಿತ್ತು.

ಅವನು ಕಲ್ಲನ್ನು ಕಾಲಿನಿಂದ ಹೊರಳಿಸಿ ನೋಡಿದ. "ಹಗೂರ ಇತ್ತು. ಅದಕ್ಕ ಬಿತ್ತು."

ಚಕ್ಕಡಿ ಹತ್ತುವಾಗ ಬಾಳವ್ವ ಹೊರಗೆ ಬಂದಳು. "ನಮ್ಮಣ್ಣಗ ಈ ಸುದ್ದಿ ಹೇಳಬ್ಯಾಡ್ರಿ. ಎಲ್ಲಾರೂ ಆರಾಮ ಅದಾರ ಅನ್ರಿ."

ಊರ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಮಲ್ಲಪ್ಪ ಮನೆಯ ಒರಳುಕಲ್ಲನ್ನೇ ಮಾಡಿಗೆ ಏರಿಸುತ್ತಿದ್ದ. ಕೆಳಗೆ ಏಣಿ ಹಿಡಿದುಕೊಂಡು ನಿಂತವಳು ಬಾಳವ್ವ.